ಸೊಪ್ಪಿನ ಕರಡು

ಸೊಪ್ಪು ತಿಂದು ಮನೆಮಂದಿಯೆಲ್ಲ ಹಾಸಿಗೆ ಹಿಡಿದಿದ್ದರು. ಕೊನೆಗೂ ಹೊಟ್ಟೆಯಲ್ಲಿ ಗಂಜಿ ನಿಂತ ಬೆಳಿಗ್ಗೆ, ಎಲ್ಲರಿಗಿಂತ ಮೊದಲು ಎದ್ದು ಕೂತು ಬಾಯಿ ತೆರೆದವಳು ಗಿಣಿ.

"ಇನ್ನು ಮೇಲೆ ತಾತ ಕಿತ್ತು ತಂದಿದ್ದನ್ನ ನಾನಂತೂ ಮುಟ್ಟಲ್ಲ."

"ಮೆತ್ತಗೆ ಮಾತಾಡೇ. ಹೊರಗಿನ ಕೋಣೆಯಲ್ಲೇ ಇದಾರೆ," ಎಂದರು ಅಜ್ಜಿ.

"ಕೇಳಿಸ್ಲಿ ಅಂತಾನೇ ಹೇಳ್ತಿರೋದು."

ಮಾತಿನ ಮಲ್ಲಿಯಾದ್ದರಿಂದ ಮೊಮ್ಮಗಳಿಗೆ ಗಿಣಿ ಎಂಬ ಹೆಸರು ಬಿದ್ದಿತ್ತು. ಒಂಬತ್ತನೇ ಕ್ಲಾಸು. ಓಟದಲ್ಲಿ ಅವಳನ್ನು ಹಿಂದೆ ಹಾಕುವವರು ಶಾಲೆಯಲ್ಲಿರಲಿಲ್ಲ. ಜಿಲ್ಲೆಯ ತಂಡಕ್ಕೆ ಆಯ್ಕೆ ನಡೆದ ದಿನ ಮೈದಾನದಲ್ಲಿರಬೇಕಾದವಳು ಬಚ್ಚಲ ಬಾಗಿಲಿಗೆ ತಲೆಯಾನಿಸಿ ಕೂತು, ಕುಡಿದ ನೀರನ್ನೂ ವಾಂತಿ ಮಾಡಿಕೊಂಡಿದ್ದಳು. ಮುಂದಿನ ಆಯ್ಕೆ ಇನ್ನು ಬರುವ ವರ್ಷ.

ಎಲ್ಲರೂ ಕಾಯಿಲೆ ಬಿದ್ದ ಆ ಸಂಜೆಯ ಊಟದಲ್ಲಿ ಹೊಸದೇನೂ ಇರಲಿಲ್ಲ. ತಾತ ಹಿತ್ತಲಿಂದ ನೆಲಕ್ಕೆ ಹಬ್ಬುವ ಗೋಣಿಸೊಪ್ಪು ಕಿತ್ತು ತಂದಿದ್ದರು. ಗಿಣಿ ತೊಳೆದಿದ್ದಳು. ಅಜ್ಜಿ ಹಸಿಯಾಗಿಯೇ ಹೆಚ್ಚಿ, ಉಪ್ಪು ಹಾಕಿ, ನಿಂಬೆ ಹಿಂಡಿ ತಟ್ಟೆ ತಟ್ಟೆಗೆ ಹಂಚಿದ್ದರು. ಆ ಮನೆಯಲ್ಲಿ ಅದು ವರ್ಷಗಳಿಂದ ನಡೆದು ಬಂದದ್ದು. ಸೊಸೆಗೆ, ಅಂದರೆ ಗಿಣಿಯ ಅಮ್ಮನಿಗೆ, ಮಾತ್ರ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಸಂಜೆಯ ಪಾಳಿ ಇತ್ತು. ಊಟ ತಪ್ಪಿತು, ಅವಳೊಬ್ಬಳು ಉಳಿದಳು. ಕೆಲಸ ಮುಗಿಸಿ ಬಾಗಿಲು ತೆರೆದಾಗ ಒಳಗೆ ನಾಲ್ವರೂ ನಾಲ್ಕು ಕಡೆ ಮುದುರಿಕೊಂಡಿದ್ದರು. ಬಾಯಿ, ಗಂಟಲು ಉರಿ ಉರಿ ಎನ್ನುತ್ತಿದ್ದರು.

ಡಾಕ್ಟರು ಕೇಳಿದ್ದರು: "ಏನು ತಿಂದ್ರಿ?"

"ಗೋಣಿಸೊಪ್ಪು."

"ಅದನ್ನ ತಿಂದ್ರೆ ಹೀಗಾಗಲ್ಲಮ್ಮ. ಜೊತೆಗೆ ಬೇರೆ ಏನೋ ಸೇರಿದೆ. ಏನದು?"

ಸೊಸೆ ಬಾಯಿ ತೆರೆದು ಹಾಗೇ ಮುಚ್ಚಿದ್ದಳು. ತನ್ನ ಮನೆಯ ಹಿಂದೆ, ತಾನು ದಿನಾ ಬಟ್ಟೆ ಒಣಹಾಕುವ ಜಾಗದಲ್ಲಿ ಏನು ಬೆಳೆದಿದೆ ಎಂದು ಕೇಳಿದರೆ ಅವಳಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಕಂಬಳಿ ಮಡಿಸುವಾಗ, ಗಂಜಿ ಸೋಸುವಾಗ, ಏನದು, ಏನದು ಎಂದು ಕಿವಿಯಲ್ಲಿ ಹೇಳಿಕೊಂಡೇ ಇತ್ತು.

ಆ ಬೆಳಿಗ್ಗೆ ಗಿಣಿಯ ಮಾತು ಮುಗಿಯುವ ಮೊದಲೇ ಅವಳ ಅಪ್ಪ, ತಾತನ ಮಗ, ಕೋಣೆಯಿಂದ ಎದ್ದು ಬಂದ. ಅವನದು ಕಟ್ಟಡದ ಜಾಗಗಳಲ್ಲಿ ಮಣ್ಣು ಅಗೆಯುವ ಯಂತ್ರ ಓಡಿಸುವ ಕೆಲಸ. ಯಾವ ತೊಂದರೆಗೂ ಅವನಲ್ಲಿ ಮೊದಲ ಪರಿಹಾರ ಒಂದೇ.

"ಯಂತ್ರ ತಂದು ಹಿತ್ತಲು ಪೂರ್ತಿ ಕೆರೆದು ಹಾಕ್ತೀನಿ. ಅರ್ಧ ಗಂಟೆ ಕೆಲಸ. ಆಮೇಲೆ ಕಲ್ಲು ಹಾಸಿಬಿಡೋಣ. ಹುಲ್ಲೂ ಬೇಡ, ಹುಳಾನೂ ಬೇಡ."

ಹೊರಗಿನ ಕೋಣೆಯಿಂದ ತಾತನ ದನಿ ಬಂತು. "ಕೆರೆಸು."

"ಅವರ ಮಾತು ಕೇಳ್ಬೇಡ್ವೋ, ಕೋಪಕ್ಕೆ ಹೇಳ್ತಿದಾರೆ," ಎಂದರು ಅಜ್ಜಿ.

"ಕೋಪ ಅಲ್ಲ ಕಣೇ. ಮೊಮ್ಮಗಳಿಗೆ ವಿಷ ಉಣ್ಣಿಸಿದ ಕೈ ಇದು. ಇನ್ನು ಇದಕ್ಕೆ ಅಲ್ಲೇನು ಕೆಲಸ?"

ತಾತ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುತ್ತಿದ್ದವರು. ಸೀಸದ ಒಂದೊಂದು ಅಕ್ಷರವನ್ನೂ ಅದರದರ ಖಾನೆಯಿಂದ ತೆಗೆದು ಸಾಲು ಕಟ್ಟುವ ಕೆಲಸ. ಕಂಪ್ಯೂಟರು ಬಂದು ಅಚ್ಚಿನ ಮನೆ ಮುಚ್ಚಿತು. ಆಮೇಲೆ ಕಣ್ಣಿನ ನರ ಒಣಗುತ್ತ ಬಂತು. ಈಗ ಅವರಿಗೆ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ಕಾಣುವುದು. ಹಿತ್ತಲೊಂದೇ ಅವರ ಪಾಲಿಗೆ ಉಳಿದಿತ್ತು. ಇಟ್ಟಿಗೆಯ ಅಂಚು ಕಟ್ಟಿ ಪಾತಿಗಳನ್ನು ಮಾಡಿ, ಒಂದೊಂದರಲ್ಲಿ ಒಂದೊಂದು ಸೊಪ್ಪು ಹಾಕಿದ್ದರು. ಬೆಳಿಗ್ಗೆ ನೀರು ಹಾಕುತ್ತ ಪದ್ಯ ಹೇಳಿಕೊಳ್ಳುವರು. ಮಧ್ಯಾಹ್ನ ಬುಟ್ಟಿ ತುಂಬ ಸೊಪ್ಪು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ತಗೊಳ್ಳಮ್ಮ, ಇವತ್ತಿನ ಸಂಬಳ" ಎನ್ನುವರು. ಈಗ ನಲ್ಲಿಯ ಸದ್ದಿಲ್ಲ, ಪದ್ಯವೂ ಇಲ್ಲ. ಗೋಡೆಯ ಕಡೆ ಮುಖ ಮಾಡಿದ ಕುರ್ಚಿಯಲ್ಲಿ ಅವರು ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಸೊಸೆ ಸೌಟು ಕೆಳಗಿಟ್ಟು ಬಾಗಿಲಿಗೆ ಬಂದಳು.

"ರೀ, ಕಲ್ಲು ಹಾಸೋರು ಯಾವಾಗ ಸಿಕ್ತಾರೆ?"

"ಈಗ ಕೈತುಂಬ ಕೆಲಸ ಅವರಿಗೆ. ತಿಂಗಳ ಕೊನೆ ಭಾನುವಾರ ಆಗಬಹುದು."

"ಹಾಗಾದ್ರೆ ಅಲ್ಲೀ ತನಕ ಹಿತ್ತಲು ನನಗೆ ಬಿಡಿ. ಅಲ್ಲಿರೋ ಒಂದೊಂದು ಗಿಡಾನೂ ಏನು ಅಂತ ತಿಳ್ಕೋತೀನಿ. ಏನು ಅಂತ ಗೊತ್ತಾಗದ್ದು ಒಂದೂ ಉಳಿಯಲ್ಲ. ಆಮೇಲೂ ನಿಮಗೆ ಭಯ ಇದ್ರೆ ಕಲ್ಲು ಹಾಸಿ, ನಾನು ತುಟಿ ಪಿಟಕ್ ಅನ್ನಲ್ಲ."

"ಗಿಡದ ಹೆಸರು ತಿಳ್ಕೊಂಡು ಏನ್ಮಾಡ್ತೀಯೆ? ನಾಮಕರಣ ಮಾಡ್ತೀಯಾ?"

"ಡಾಕ್ಟರು ಕೇಳಿದಾಗ ಬೆಪ್ಪಾಗಿ ನಿಂತಿದ್ನಲ್ಲ, ಇನ್ನೊಂದ್ಸಲ ಹಾಗೆ ನಿಲ್ಲಲ್ಲ. ಅಷ್ಟೇ."

ಮಗ ಹೆಂಡತಿಯ ಮುಖ ನೋಡಿದ. ಆ ಮುಖ ಅವನಿಗೆ ಗೊತ್ತಿತ್ತು. "ತಿಂಗಳ ಕೊನೆ ತನಕ," ಎಂದು ಹೇಳಿ ಸ್ನಾನಕ್ಕೆ ಹೋದ.

ಹಿತ್ತಲಿಗೆ ಕಾಲಿಟ್ಟು ನೋಡಿದ ಮೇಲೆ ಸೊಸೆಗೆ ತಾನು ಒಪ್ಪಿಕೊಂಡ ಕೆಲಸ ಎಷ್ಟೆಂದು ತಿಳಿಯಿತು. ಮಳೆ ಬಿದ್ದು ನೆಲವೆಲ್ಲ ಹಸಿರು ಹೊದ್ದಿತ್ತು. ಪಾತಿಯ ಒಳಗೆ, ಇಟ್ಟಿಗೆಯ ಸಂದಿಯಲ್ಲಿ, ಬಟ್ಟೆ ಕಲ್ಲಿನ ಬುಡದಲ್ಲಿ ಏನೇನೋ ಎದ್ದಿದ್ದವು: ಹೃದಯದ ಆಕಾರದ ಎಲೆ, ಗರಗಸದ ಅಂಚಿನ ಎಲೆ, ನೆಲಕ್ಕೆ ಅಂಟಿಕೊಂಡು ಕೈಕಾಲು ಚಾಚಿದ್ದು, ಮೊಣಕಾಲೆತ್ತರ ಬೆಳೆದು ನೀಲಿ ಮೊಗ್ಗು ಬಿಟ್ಟದ್ದು. ಇಷ್ಟು ದಿನ ಅವಳ ಕಣ್ಣಿಗೆ ಅದೆಲ್ಲ ಒಂದೇ ಆಗಿತ್ತು.

"ಗಿಣೀ, ಫೋನ್ ತಗೊಂಡು ಬಾ. ಗಿಡದ ಹೆಸರು ಹೇಳುತ್ತೆ ಅಂತಿದ್ಯಲ್ಲ."

"ನಾನ್ಯಾಕೆ ಬರ್ಲಿ? ಕಲ್ಲು ಹಾಸೋದೇ ಒಳ್ಳೇದು."

"ಫೋನ್ ಕೊಡು, ನಾನೇ ತೆಗೀತೀನಿ."

ಅಮ್ಮನ ಕೈಗೆ ತನ್ನ ಫೋನು ಹೋಗುವುದಕ್ಕಿಂತ ತಾನೇ ಹೋಗುವುದು ಮೇಲೆಂದು ಗಿಣಿ ಎದ್ದು ಬಂದಳು. ಒಂದು ಗಿಡದ ಚಿತ್ರ ತೆಗೆದಳು. ಫೋನು ಅದನ್ನು ಮೂಲಂಗಿ ಎಂದಿತು. ಸ್ವಲ್ಪ ವಾಲಿಸಿ ತೆಗೆದರೆ ಅದೇ ಗಿಡ ಅಲಂಕಾರದ ಜರೀಗಿಡವಾಯಿತು. ಅಜ್ಜಿ ಏನು ನಡೆದಿದೆಯೆಂದು ನೋಡಲು ಹತ್ತಿರ ಬಂದರು.

"ಅಜ್ಜಿ, ಪಕ್ಕಕ್ಕೆ ಸರೀರಿ. ನಿಮ್ಮ ಚಪ್ಪಲೀನ ಪಾಲಕ್ ಅಂತಿದೆ."

"ಹಾಗಾದ್ರೆ ನಾಳೆ ಅದನ್ನೇ ಬೇಯಿಸಿ ಹಾಕ್ತೀನಿ, ತಿನ್ನು."

ಕಾಯಿಲೆ ಬಿದ್ದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಹೊರಗಿನ ಕೋಣೆಯ ಕುರ್ಚಿ ಒಮ್ಮೆ ಕಿರುಗುಟ್ಟಿತು. ಸೊಸೆ ಕಿವಿಗೊಟ್ಟಳು. ಆದರೆ ಯಾರೂ ಎದ್ದು ಬರಲಿಲ್ಲ.

ಮರುದಿನ ಅವಳು ಊಟದ ಡಬ್ಬಿಯ ಮೇಲಿನ ಪಾತ್ರೆಯಲ್ಲಿ ಚಿಗುರುಗಳನ್ನು ತುಂಬಿಕೊಂಡು ಕೆಲಸಕ್ಕೆ ಹೋದಳು. ಬಿಸಿ ಹಬೆಯ ನಡುವೆ, ಮಡಿಸಿದ ಚಾದರಗಳ ಪಕ್ಕದಲ್ಲಿ ಹೆಂಗಸರೆಲ್ಲ ಡಬ್ಬಿಯ ಸುತ್ತ ನೆರೆದರು.

"ಇದು ಹಲ್ಲುನೋವಿನ ಸೊಪ್ಪು. ನಮ್ಮಮ್ಮ ಅರೆದು ಇಡೋರು."

"ಹಲ್ಲುನೋವೂ ಅಲ್ಲ, ಮಣ್ಣೂ ಅಲ್ಲ. ಇದನ್ನ ಮೇಕೆ ಕೂಡ ಮೂಸಲ್ಲ."

"ನಿಮ್ಮನೆ ಮೇಕೆ ನೋಡಿದೀನಿ ಬಿಡೇ, ಅದು ಗೋಡೆ ಮೇಲಿನ ಪೋಸ್ಟರೂ ತಿನ್ನುತ್ತೆ."

ಒಂದೇ ಚಿಗುರಿಗೆ ಬಾಯಿಗೊಂದು ಹೆಸರು ಬಂತು. ಸೊಸೆ ನಕ್ಕು ಡಬ್ಬಿ ಮುಚ್ಚಿದಳು. ಮುಚ್ಚುವಾಗಲೇ ಅವಳ ಕಣ್ಣು ಮೂಲೆಯಲ್ಲಿದ್ದ ಬಿಳಿ ಕೋಟುಗಳ ರಾಶಿಯ ಮೇಲೆ ಬಿತ್ತು. ಪಕ್ಕದ ಕಾಲೇಜಿನ ಪ್ರಯೋಗಶಾಲೆಯ ಕೋಟುಗಳು ಅಲ್ಲಿಗೇ ಒಗೆಯಲು ಬರುತ್ತಿದ್ದವು. ಒಗೆದದ್ದನ್ನು ಕಾಲೇಜಿಗೆ ಮುಟ್ಟಿಸುವ ಸರದಿ ಬೇರೆಯವಳದು. "ಈ ಸಲ ನಾನು ಹೋಗ್ತೀನಿ," ಎಂದು ಗಂಟು ಹೊತ್ತಳು.

ಸಸ್ಯಶಾಸ್ತ್ರದ ಮೇಡಂ ಕೋಟುಗಳನ್ನು ಬೆಂಚಿನ ಮೇಲೆ ಹಾಕಿಸಿಕೊಂಡು, ಮನೆಯವರು ಸೊಪ್ಪು ತಿಂದು ಕಾಯಿಲೆ ಬಿದ್ದ ಕಥೆ ಕೇಳಿ, ಡಬ್ಬಿ ನೋಡಿ ಹುಬ್ಬು ಗಂಟಿಕ್ಕಿದರು.

"ಬರೀ ತುದಿ ಚಿವುಟಿ ತಂದಿದೀರಲ್ಲ! ಒಬ್ಬ ಮನುಷ್ಯನ ಮೂಗು ಮಾತ್ರ ತೋರಿಸಿ ಇವನ್ಯಾರು ಅಂತ ಕೇಳಿದ ಹಾಗಾಯ್ತು. ಬೇರು ಸಮೇತ ತನ್ನಿ. ಹೂ ಬಿಟ್ಟಿದ್ರೆ ಹೂ, ಕಾಯಿ ಇದ್ರೆ ಕಾಯಿ. ಒದ್ದೆ ಕಾಗದದಲ್ಲಿ ಸುತ್ತಿ ತನ್ನಿ, ಬಾಡಿದ್ದು ತಂದ್ರೆ ನಾನು ನೋಡಲ್ಲ."

"ತಂದ್ರೆ ಹೇಳ್ತೀರಲ್ಲ ಮೇಡಂ?"

"ಅದಕ್ಕೇ ಅಲ್ವಾ ನನಗೆ ಸಂಬಳ ಕೊಡೋದು?"

ಮತ್ತೆ ಕೋಟು ಮುಟ್ಟಿಸುವ ಸರದಿಯನ್ನೂ ಸೊಸೆಯೇ ಕೇಳಿ ಪಡೆದಳು. ಈ ಬಾರಿ ಚೀಲದ ತುಂಬ ಬೇರು ಸಮೇತ ಗಿಡಗಳಿದ್ದವು. ಮೇಡಂ ಭೂತಗನ್ನಡಿ ಹಿಡಿದು ಕೂತರು. ಇದು ದಂಟಿನ ಜಾತಿ, ತಿನ್ನಬಹುದು. ಇದು ಪುದೀನದ ನೆಂಟ, ತಿಂದರೆ ತೊಂದರೆಯಿಲ್ಲ, ರುಚಿಯೂ ಇಲ್ಲ. ಇದು ದತ್ತೂರಿಯ ಸಸಿ, ಇವತ್ತೇ ಕಿತ್ತು ಕೈ ತೊಳೆದುಕೊಳ್ಳಿ. ನೀಲಿ ಮೊಗ್ಗಿನ ಗಿಡವನ್ನು ಮಾತ್ರ ತಿರುಗಿಸಿ ಮುರುಗಿಸಿ ನೋಡಿ, "ಇದು ನನಗೂ ಗೊತ್ತಾಗ್ತಿಲ್ಲ. ಹೂ ಅರಳಿದ ಮೇಲೆ ತನ್ನಿ," ಎಂದರು.

ಚೀಲದ ತಳದಲ್ಲಿ ಗೋಣಿಸೊಪ್ಪು ಉಳಿದಿತ್ತು. "ಇದು ಗೊತ್ತು ಮೇಡಂ, ನಮ್ಮ ಪಾತಿಯದು," ಎಂದಳು ಸೊಸೆ.

"ಯಾವುದು? ಇದಾ, ಇದಾ?" ಮೇಡಂ ಅದರಲ್ಲಿ ಎರಡು ಎಳೆ ಬೇರ್ಪಡಿಸಿದರು.

"ಎರಡೂ ಒಂದೇ ಅಲ್ವಾ?"

"ಒಂದೇ ತರ ಕಾಣ್ತವೆ. ಒಂದೇ ನೆಲದಲ್ಲಿ ಅಕ್ಕಪಕ್ಕ ಮಲಗ್ತವೆ. ಎರಡನ್ನೂ ಮುರೀರಿ."

ಮೊದಲನೆಯ ದಂಟು ದಪ್ಪಗಿತ್ತು. ಚಟ್ಟನೆ ಮುರಿಯಿತು, ತಿಳಿನೀರು ಒಸರಿತು. ಎರಡನೆಯದು ದಾರದ ಹಾಗೆ ತೆಳ್ಳಗಿತ್ತು, ಮುರಿಯುವಾಗ ಸದ್ದೇ ಮಾಡಲಿಲ್ಲ. ಮುರಿದ ತುದಿಯಲ್ಲಿ ಬೆಳ್ಳನೆಯ ಹನಿ ಉಬ್ಬಿ ನಿಂತಿತು.

"ಹಾಲುಗಿಡ," ಎಂದರು ಮೇಡಂ. "ಬಾಯಿ, ಹೊಟ್ಟೆ ಎಲ್ಲ ಸುಡುತ್ತೆ. ಹಸಿಯಾಗಿ ತಿಂದ್ರಾ? ಪುಣ್ಯಕ್ಕೆ ಕಮ್ಮಿ ತಿಂದಿದೀರಿ."

ಏನದು ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಬಸ್ಸಿನಲ್ಲಿ ಬರುವಾಗ ಸೊಸೆ ಎರಡೂ ಎಳೆಗಳನ್ನು ಕೈಯಲ್ಲೇ ಹಿಡಿದಿದ್ದಳು. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಹೊರಗಿನ ಕೋಣೆಯ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು.

"ಮಾವ, ಕೈ ಕೊಡಿ."

"ಈ ಕೈ ಯಾಕಮ್ಮ ಈಗ?"

"ಕೊಡಿ ಅಂದೆ."

ತಾತ ಮಡಿಲಿಂದ ಕೈ ಎತ್ತಿದರು. ಅವಳು ಮೊದಲನೆಯ ಎಳೆಯನ್ನಿಟ್ಟಳು. ಬೆರಳುಗಳು ತಾವಾಗಿಯೇ ಅದರ ಮೇಲೆ ನಡೆದವು.

"ನಮ್ಮ ಗೋಣಿ."

ಎರಡನೆಯದನ್ನಿಟ್ಟಳು. ಬೆರಳು ಹೋದದ್ದು ಹಿಂದಕ್ಕೆ ಬಂತು. "ಇದಲ್ಲ. ಇದು ದಾರ ಇದ್ದ ಹಾಗಿದೆ. ಎಲೆ ಮೇಲೆ ಕೂದಲಿನಂಥ ಸಣ್ಣ ಜುಂಗಿದೆ. ಮುರಿದ್ರೆ ಅಂಟು ಬರ್ತಿದೆ. ಇದು ನಮ್ಮದಲ್ಲ ಕಣಮ್ಮ. ಎಲ್ಲಿತ್ತು?"

"ನಿಮ್ಮ ಗೋಣಿಸೊಪ್ಪಿನ ಪಾತೀಲೇ."

ತಾತ ಎಳೆಯನ್ನು ಅವಳ ಕೈಗೆ ಹಿಂದಿರುಗಿಸಿದರು. ಸೊಸೆ ಬಿಡಲಿಲ್ಲ.

"ಈಗ ಮುಟ್ಟಿದ ತಕ್ಷಣ ಗೊತ್ತಾಯ್ತಲ್ಲ ಮಾವ. ಆವತ್ತು ಯಾಕೆ ಗೊತ್ತಾಗಲಿಲ್ಲ?"

"ಆವತ್ತು ನಾನು ಮುಟ್ಟಿ ನೋಡಲೇ ಇಲ್ಲ. ಕಿತ್ತೆ, ಅಷ್ಟೇ. ಪ್ರೆಸ್ಸಲ್ಲಿ 'ಕ' ಬೇಕು ಅಂದ್ರೆ ಕೈ 'ಕ' ಖಾನೆಗೆ ಹೋಗುತ್ತೆ, ಮೊಳೆ ಎತ್ತಿಕೊಂಡು ಬರುತ್ತೆ. ಅದು 'ಕ' ಹೌದೋ ಅಲ್ವೋ ಅಂತ ಯಾರು ನೋಡ್ತಾ ಕೂರ್ತಾರೆ? ಆ ಖಾನೇಲಿದ್ದ ಮೇಲೆ ಅದು 'ಕ'. ಯಾರೋ ಬೇರೆ ಮೊಳೆ ತಂದು ಆ ಖಾನೆಗೆ ಹಾಕಿಬಿಟ್ರೆ, ತಪ್ಪು ಹಾಗೇ ಸಾಲಿಗೆ ಬರುತ್ತೆ. ಗೋಣಿ ಪಾತೀಲಿ ಗೋಣಿ ಅಲ್ಲದೆ ಇನ್ನೇನಿರುತ್ತೆ ಅಂದ್ಕೊಂಡೆ."

"ಹಾಗಾದ್ರೆ ಖಾನೆಗೆ ಬೇರೆ ಮೊಳೆ ಹಾಕಿದ್ಯಾರು?"

ಆ ಪ್ರಶ್ನೆ ಊಟದ ಹೊತ್ತಿಗೆ ಮನೆಯವರೆಲ್ಲರ ಮುಂದೆ ಬಂತು. ಸೊಸೆ ಹಾಲುಗಿಡದ ಎಳೆಯನ್ನು ಊಟದ ಮೇಜಿನ ನಡುವೆ ಇಟ್ಟಿದ್ದಳು.

"ಹೋದ ವರ್ಷ ಇದು ಇರಲೇ ಇಲ್ಲ," ಎಂದರು ಅಜ್ಜಿ. "ಆ ಮಣ್ಣು ಬಿದ್ದ ಮೇಲೇ ಇವೆಲ್ಲ ಶುರುವಾಗಿದ್ದು."

ಬೇಸಿಗೆಯಲ್ಲಿ ಮಗ ತಾನು ಅಗೆಯುತ್ತಿದ್ದ ಜಾಗದಿಂದ ಒಂದು ಲಾರಿ ಮಣ್ಣು ತರಿಸಿ ಹಿತ್ತಲ ತಗ್ಗಿಗೆ ಹರಡಿದ್ದ. ಪಾತಿಗಳ ಮೇಲೂ ಒಂದು ಪದರ ಬಿದ್ದಿತ್ತು.

"ಓಹೋ, ಸುತ್ತಿ ಬಳಸಿ ನನ್ನ ತಲೆಗೇ ಬಂತಾ?" ಮಗ ತಟ್ಟೆ ಸರಿಸಿದ. "ನೀರು ನಿಲ್ಲುತ್ತೆ, ಸೊಳ್ಳೆ ಕಚ್ಚುತ್ತೆ ಅಂತ ನನ್ನ ಪ್ರಾಣ ತಿಂದೋರು ಯಾರು? ಲಾರಿಯವನಿಗೆ ಅಣ್ಣಾ ಅಪ್ಪಾ ಅಂದು ತರಿಸಿದೆ. ಮಣ್ಣಲ್ಲಿ ಯಾವ ಬೀಜ ಇದೆ ಅಂತ ನಾನು ಕನ್ನಡಕ ಹಾಕ್ಕೊಂಡು ಆರಿಸ್ಬೇಕಿತ್ತಾ?"

"ಯಾರೂ ನಿನ್ನ ಬೈಲಿಲ್ವೋ. ಹೆಚ್ಚಿದೋಳು ನಾನು. ನಾನೂ ನೋಡ್ಲಿಲ್ಲ. ಇವರು ತಂದಿದ್ದು ಅಂದ್ಮೇಲೆ ನೋಡೋದೇನು ಅಂತ ಹೆಚ್ಚಿಬಿಟ್ಟೆ. ತೊಳೆದೋಳು ಇವಳು, ಇವಳೂ ನೋಡ್ಲಿಲ್ಲ."

"ನಾನು ನೀರಲ್ಲಿ ಅದ್ದಿ ತೆಗೆದೆ ಅಷ್ಟೇ!" ಗಿಣಿಯ ದನಿ ಏರಿತು. "ನೋಡು ಅಂತ ಯಾರಾದ್ರೂ ಹೇಳಿದ್ರಾ? ಹೇಳಿದ್ರೆ ಹಿಡೀತಿದ್ದೆ. ಇದು ಎಷ್ಟು ತೆಳ್ಳಗಿದೆ, ಕಣ್ಣಿದ್ದೋರಿಗೆ ಯಾರಿಗಾದ್ರೂ ಗೊತ್ತಾಗುತ್ತೆ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಅದು ಚುಚ್ಚಿತು. ತಾತ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ್ದರು.

ಮಗ ರಾಜಿಯ ದನಿಯಲ್ಲಿ, "ಆಯ್ತು. ಕಲ್ಲು ಬೇಡ ಅಂತಾದ್ರೆ ಒಂದು ಮಾಡೋಣ. ಅಪ್ಪ ಏನು ಕಿತ್ತು ತಂದ್ರೂ ಒಬ್ಬರು ತಪಾಸಣೆ ಮಾಡ್ಲಿ," ಎಂದ.

"ತಪಾಸಣೆ." ತಾತ ಎದ್ದು ನಿಂತರು. "ನನ್ನ ಬುಟ್ಟೀನ ಪೊಲೀಸರ ಹಾಗೆ ಜಾಲಾಡಿ ಆಮೇಲೆ ಒಳಗೆ ಬಿಟ್ಕೋತೀರಾ? ಅಂಥ ಸೊಪ್ಪು ತರೋದಕ್ಕಿಂತ ತರದೆ ಇರೋದು ಮೇಲು. ಕಲ್ಲು ಹಾಸು. ನಾನೇ ಹೇಳ್ತಿದೀನಿ, ಹಾಸು."

ಕೈ ತೊಳೆದ ನೀರಿನ ಸದ್ದು, ಆಮೇಲೆ ಕುರ್ಚಿಯ ಸದ್ದು. ಯಾರೂ ಊಟ ಮುಂದುವರಿಸಲಿಲ್ಲ. "ಒಂದು ಮಾತಾಡಿದ್ರೆ ನೂರು ಅರ್ಥ ಈ ಮನೇಲಿ," ಎಂದು ಮಗ ಗೊಣಗಿದ. ಸೊಸೆ ತಟ್ಟೆಗಳನ್ನು ಎತ್ತುತ್ತ ಯೋಚಿಸುತ್ತಿದ್ದಳು. ಗಂಡ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ತಪಾಸಣೆ ಎಂಬ ಪದ ಮಾವನ ಮನಸ್ಸಿನ ಬಾಗಿಲಿಗೆ ಹೊಂದುವ ಕೀಲಿಯಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿಯ ಲೋಟ ಕೊಟ್ಟು ಅಲ್ಲೇ ನಿಂತಳು.

"ಮಾವ, ಪ್ರೆಸ್ಸಲ್ಲಿ ನೀವು ಮೊಳೆ ಜೋಡಿಸಿದ್ದು ನೇರ ಅಚ್ಚಿಗೆ ಹೋಗ್ತಿತ್ತಾ?"

"ಛೆ ಛೆ, ಕರಡು ತೆಗೀದೇನಾ? ಮೊದಲು ಒಂದು ಹಾಳೆ ಒತ್ತೋದು. ಅದನ್ನ ಕರಡು ನೋಡೋರು ಓದಿ ತಪ್ಪಿಗೆಲ್ಲ ಕೆಂಪು ಗುರುತು ಹಾಕೋರು. ನಾವು ಮೊಳೆ ಬದಲಾಯಿಸೋದು. ಮತ್ತೆ ಒಂದು ಕರಡು. ದೊಡ್ಡ ಪುಸ್ತಕ ಆದ್ರೆ ಇನ್ನೊಂದು."

"ನೀವು ಜೋಡಿಸಿದ್ದರಲ್ಲೂ ತಪ್ಪು ಸಿಕ್ತಿತ್ತಾ?"

"ತಪ್ಪಿಲ್ಲದ ಕರಡು ಯಾರು ಕಂಡಿದಾರೆ? ಒಂದು ಮದುವೆ ಪತ್ರಿಕೇಲಿ 'ವಧು' ಅನ್ನೋ ಕಡೆ 'ವಧೆ' ಅಂತ ಬಿದ್ದಿತ್ತು. ನಂದೇ ಕೆಲಸ. ಕರಡು ನೋಡೋ ರಾಯರು ಹಿಡಿದ್ರು. ಇಲ್ದಿದ್ರೆ ಮದುವೆ ಮನೆಯವರು ನನ್ನ ವಧೆ ಮಾಡ್ತಿದ್ರು."

"ರಾಯರ ಮೇಲೆ ಕೋಪ ಬಂತಾ?"

"ಕೋಪಾನಾ? ಅವರಿಗೆ 'ಸ್ವಾಮಿ ಕಾಪಾಡಿದ್ರಿ' ಅಂದೆ. ಕರಡು ನೋಡೋದು ಅವರ ಕೆಲಸ, ಜೋಡಿಸೋದು ನನ್ನ ಕೆಲಸ. ಅವರಿದಾರೆ ಅಂತ್ಲೇ ನನ್ನ ಕೈ ಅಷ್ಟು ಧೈರ್ಯವಾಗಿ ಓಡ್ತಿದ್ದಿದ್ದು."

"ಮತ್ತೆ ಇಷ್ಟು ವರ್ಷ ಈ ಮನೇಲಿ ಸೊಪ್ಪು ಕರಡು ನೋಡದೇ ಅಚ್ಚಿಗೆ ಹೋಗ್ತಿತ್ತಲ್ಲ ಮಾವ."

ತಾತ ಲೋಟವನ್ನು ಬಾಯಿಗೆ ತಂದವರು ಹಾಗೇ ಹಿಡಿದರು. ಆಮೇಲೆ ಕೇಳಿದರು:

"ಮೊದಲನೇ ಕರಡು ಯಾರು ನೋಡ್ತೀರಿ?"

"ಗಿಣಿ."

"ಅವಳು ನೋಡ್ತಾಳಾ?"

"ನೋಡ್ತಾಳೆ," ಎಂದಳು ಸೊಸೆ. ಗಿಣಿಗೆ ಈ ಸುದ್ದಿ ಇನ್ನೂ ಗೊತ್ತಿರಲಿಲ್ಲ.

ಗೊತ್ತಾದಾಗ ಅವಳು ಕೂಗಾಡಿದಳು. ನನಗೆ ಓಟದ ಅಭ್ಯಾಸ ಇದೆ, ಪಾಠ ಇದೆ, ಸೊಪ್ಪು ನೋಡೋಕೆ ನಾನೇ ಸಿಕ್ಕಿದ್ನಾ ಎಂದಳು. ಅಮ್ಮ ಒಂದೇ ಮಾತು ಹೇಳಿದಳು: "ನೋಡು ಅಂದಿದ್ರೆ ಹಿಡೀತಿದ್ದೆ ಅಂದ್ಯಲ್ಲ. ಈಗ ನೋಡು ಅಂತಿದೀನಿ." ಗಿಣಿ ಒಪ್ಪಿಕೊಂಡಳು. ಆದರೆ ಷರತ್ತು ಹಾಕಿದಳು: "ನೋಡ್ತೀನಿ. ತಿನ್ನಲ್ಲ."

ಮುಂದಿನ ವಾರಗಳಲ್ಲಿ ಹಿತ್ತಲಿನಲ್ಲಿ ಮತ್ತೆ ಮಾತು ಕೇಳತೊಡಗಿತು. ಕೆಲಸದಿಂದ ಬಂದ ಮೇಲೆ ಸೊಸೆ, ಶಾಲೆಯಿಂದ ಬಂದ ಮೇಲೆ ಗಿಣಿ, ನಡುವೆ ಮಣೆ ಹಾಕಿಕೊಂಡ ತಾತ. ಹಾಲುಗಿಡ ಕಿತ್ತಷ್ಟೂ ಮತ್ತೆ ಮೊಳೆಯುತ್ತಿತ್ತು. ಮೇಡಂ ಹೇಳಿದ ಒಂದೊಂದು ಗಿಡವನ್ನೂ ತಾತ ಬೆರಳಿಗೆ ಹೊಸದಾಗಿ ಪರಿಚಯ ಮಾಡಿಕೊಂಡರು. ಮುಟ್ಟು, ಮುರಿ, ಮೂಸು ಎಂದು ತಮಗೆ ತಾವೇ ಹೇಳಿಕೊಳ್ಳುವರು. ಅದು ಪದ್ಯದ ಲಯಕ್ಕೆ ಬೀಳುವುದು. ಗಿಣಿ ಬೇಕೆಂದೇ ಅದಕ್ಕೆ ಓಟದ ಶಿಳ್ಳೆ ಸೇರಿಸುವಳು.

ನೀಲಿ ಮೊಗ್ಗು ಕೊನೆಗೂ ಅರಳಿತು. ಸೊಸೆ ಅದನ್ನು ಮೇಡಂಗೆ ತೋರಿಸಿದಳು. ಅವರು ಪುಸ್ತಕ ತಿರುವಿ, ತಲೆಯಾಡಿಸಿ, ಒಂದು ಕೊಂಬೆ ತಮಗಾಗಿ ಇಟ್ಟುಕೊಂಡರು. ಆದರೆ ಹೆಸರು ಸಿಗಲಿಲ್ಲ.

"ಅದೊಂದು ಇರ್ಲಿ ಬಿಡೇ," ಎಂದರು ಅಜ್ಜಿ. "ಎಷ್ಟು ಚೆಂದ ಇದೆ ನೋಡು. ತಿನ್ನೋದೇನಲ್ವಲ್ಲ."

ಸೊಸೆಗೂ ಆ ನೀಲಿಯ ಮೇಲೆ ಆಸೆಯಾಗಿತ್ತು. ಒಂದು ಗಳಿಗೆ ನಿಂತಳು. "ಗೊತ್ತಾಗದ್ದು ಒಂದೂ ಉಳಿಯಲ್ಲ ಅಂತ ಹೇಳಿದೋಳು ನಾನೇ ಅತ್ತೆ," ಎಂದು ಬಗ್ಗಿ, ಬುಡ ಹಿಡಿದು ಎಳೆದಳು. ಬೇರು ಮಣ್ಣು ಬಿಡಲು ಸ್ವಲ್ಪ ಹಟ ಮಾಡಿತು.

ತಿಂಗಳ ಕೊನೆಯ ಭಾನುವಾರ ಬಂತು. ಕಲ್ಲಿನ ಗಾಡಿ ಬೆಳಿಗ್ಗೆಯೇ ಗೇಟಿನ ಮುಂದೆ ನಿಂತಿತು. ಚಪ್ಪಡಿಗಳನ್ನು ಇಳಿಸಿದ ಆಳುಗಳು ಬೀದಿಯ ನೆರಳಿನಲ್ಲಿ ಕೂತು ಅಪ್ಪಣೆಗೆ ಕಾದರು.

"ಏನ್ರೀ ಹೇಳ್ತೀರಿ ಅವರಿಗೆ?" ಎಂದು ಸೊಸೆ ಕೇಳಿದಳು.

"ಊಟ ಆಗ್ಲಿ," ಎಂದ ಮಗ. "ಇವತ್ತು ಹಿತ್ತಲ ಸೊಪ್ಪಿನ ಊಟ ತಾನೇ? ನೋಡೋಣ."

ತಾತ ಬುಟ್ಟಿ ತಂದಿಟ್ಟರು. ಈ ಸಲ ಸಂಬಳದ ಮಾತಿರಲಿಲ್ಲ. ಗಿಣಿ ಕಿಟಕಿಯ ಬೆಳಕಿಗೆ ತಟ್ಟೆ ಹಿಡಿದು, ಸೊಪ್ಪನ್ನು ಹರಡಿ, ಒಂದೊಂದೇ ಎತ್ತಿ ನೋಡಿ ಇನ್ನೊಂದು ತಟ್ಟೆಗೆ ಹಾಕಿದಳು. ಅವಸರ ಮಾಡಲಿಲ್ಲ. "ಸರಿಯಿದೆ," ಎಂದು ಅಜ್ಜಿಯ ಕಡೆ ಸರಿಸಿದಳು. ಅಜ್ಜಿ ಚಾಕು ಹಿಡಿದರು. ಟಕ್ ಟಕ್ ಎಂದು ಹಲಗೆಯ ಮೇಲೆ ಚಾಕು ನಡೆಯತೊಡಗಿತು. ನಡೆದು ನಡೆದು, ನಿಂತಿತು.

"ಯಾಕೆ ನಿಲ್ಲಿಸಿದೆ?" ಎಂದು ತಾತ ಕೇಳಿದರು.

ಅಜ್ಜಿ ಗೊಂಚಲಿನೊಳಗಿಂದ ತೆಳ್ಳಗಿನ ಒಂದು ಎಳೆಯನ್ನು ಬಿಡಿಸಿ ಎಳೆದರು. ಅದು ದಪ್ಪ ದಂಟಿಗೆ ಸುತ್ತಿಕೊಂಡು ಅಡಗಿತ್ತು. ಉಗುರಿನಿಂದ ಚಿವುಟಿದರು. ಬೆಳ್ಳನೆಯ ಹನಿ.

"ಒಂದು ಸಿಕ್ತು ರೀ."

ಮಗ ಕುರ್ಚಿಯಿಂದ ಎದ್ದ. ಗಿಣಿ ಹಲಗೆಯ ಮೇಲೆ ಬಗ್ಗಿದಳು.

"ನಾನು ನೋಡಿದೆ ಅಜ್ಜಿ. ಒಂದೊಂದೂ ನೋಡಿದೆ. ದೇವರಾಣೆ ನೋಡಿದೆ."

"ನಾನೂ ಮುಟ್ಟಿದ್ದೆ ಮಗಾ," ಎಂದರು ತಾತ. "ಒಂದೊಂದೂ ಮುಟ್ಟಿದ್ದೆ."

ಸೊಸೆ ಮುಂದೆ ಬಂದು ಆ ಎಳೆಯನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದಳು. ಹೆಚ್ಚಿದ್ದನ್ನೂ ಅದರ ಹಿಂದೆಯೇ ಸುರಿದಳು. ಹಲಗೆ ತೊಳೆದಳು, ಚಾಕು ತೊಳೆದಳು. ಹೆಚ್ಚದೆ ಉಳಿದಿದ್ದ ಸೊಪ್ಪನ್ನು ಮೇಜಿನ ನಡುವೆ ಹರಡಿ ಹೇಳಿದಳು:

"ಒಂದು ತಪ್ಪು ಸಿಕ್ಕಿದೆ. ಅದಕ್ಕೇ ಅಲ್ವಾ ಕರಡು ನೋಡೋದು? ಎಲ್ಲಾರೂ ಕೂತ್ಕೊಳಿ. ಇನ್ನೊಂದು ಕರಡು. ನೀವೂ ರೀ."

"ನಾನಾ?"

"ಮಣ್ಣು ಯಾರದು?"

ಮಗ ಕೂತ. ಯಂತ್ರದ ಹಿಡಿಕೆ ಹಿಡಿದು ಒರಟಾದ ಬೆರಳುಗಳಲ್ಲಿ ಒಂದು ದಂಟನ್ನು ಹಿಡಿದು ಮುರಿದ, ಬೆಳಕಿಗೆ ಎತ್ತಿದ. "ಇದು ನೀರು." ಇನ್ನೊಂದು ಮುರಿದ. "ಇದೂ ನೀರು." ಐವರೂ ತಲೆ ಬಗ್ಗಿಸಿ ಕೂತರು. ದಂಟು ಮುರಿಯುವ ಸಣ್ಣ ಸದ್ದು ಕೇಳುತ್ತಿತ್ತು. ಗಿಣಿ ನೋಡಿದ್ದನ್ನು ತಾತನ ಕೈಗೆ ಕೊಟ್ಟಳು, ತಾತ ಮುಟ್ಟಿ ಅಜ್ಜಿಗೆ ದಾಟಿಸಿದರು. ಮೇಜು ಖಾಲಿಯಾಗುವ ತನಕ ಇನ್ನೊಂದು ಹಾಲಿನ ಹನಿ ಕಾಣಲಿಲ್ಲ.

ಅಜ್ಜಿ ಹೆಚ್ಚಿ, ನಿಂಬೆ ಹಿಂಡಿ ಕಲಸಿದರು. ಹೊರಗಿನಿಂದ ಆಳೊಬ್ಬ ಕೂಗಿದ. "ಅಣ್ಣಾ, ಶುರು ಮಾಡೋಣ್ವಾ?"

ಮಗ ಬಾಗಿಲ ತನಕ ಹೋಗಿ, ಹಿಂದಿರುಗಿ ಅಪ್ಪನ ಕಡೆ ನೋಡಿದ. "ಅಪ್ಪಾ, ಪಾತಿ ಪಾತಿ ನಡುವೆ ಕಾಲಿಡೋಕೆ ಒಂದೊಂದು ಚಪ್ಪಡಿ ಹಾಕಿಸ್ಲಾ? ಮಳೇಲಿ ಜಾರ್ತೀರಿ."

"ಹಾಕಿಸು. ಅಂಚಿನ ಇಟ್ಟಿಗೆ ಕದಲಿಸ್ಬೇಡ ಅಂತ ಹೇಳು."

ಮಗ ಹೊರಗೆ ಹೋದ. ಅಜ್ಜಿ ಬಡಿಸುವ ಚಮಚ ಹಿಡಿದು ಗಿಣಿಯನ್ನು ದಾಟಿ ಮುಂದೆ ಹೋಗಬೇಕೆಂದಿದ್ದರು. ಗಿಣಿ ತಟ್ಟೆಯನ್ನು ಅಡ್ಡ ಹಿಡಿದಳು.

"ಹಾಕಿ ಅಜ್ಜಿ."

"ತಿಂತೀಯಾ?"

"ಹಾಕಿ ಅಂದ್ನಲ್ಲ."

ತಾತ ತಲೆ ಓರೆ ಮಾಡಿ ಕೂತಿದ್ದರು. ಮೊಮ್ಮಗಳ ಮುಖ ಅವರಿಗೆ ಕಾಣುವಂತಿರಲಿಲ್ಲ. ಹಲ್ಲಿನ ನಡುವೆ ಎಳೆ ದಂಟು ನುರಿಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು. ನುಂಗಿದ ಸದ್ದೂ ಕೇಳಿತು.

"ಉಪ್ಪು ಕಮ್ಮಿ," ಎಂದಳು ಗಿಣಿ.

ತಾತ ಉಪ್ಪಿನ ಡಬ್ಬಿ ದಿನವೂ ಇರುವ ಜಾಗಕ್ಕೆ ಕೈ ಚಾಚಿದರು. ಮುಚ್ಚಳ ತೆಗೆದರು. ಒಂದು ಚಿಟಿಕೆ ನಾಲಗೆಯ ಮೇಲಿಟ್ಟು ನೋಡಿ, ಆಮೇಲೆ ಅವಳ ಕಡೆ ಸರಿಸಿದರು.